ನೆರಳಿನಲ್ಲಿ ಹತ್ತಿದ ದೀಪ

ಹೈದರಾಬಾದಿನ ಕಾಚಿಗೂಡದ ಆ ಗಲ್ಲಿಯಲ್ಲಿ ಬೆಳಿಗ್ಗೆ ನಲ್ಲಿಗೆ ನೀರು ಬಂತೋ ಇಲ್ಲವೋ, ಪೇಪರಿನವನು ಬಂದನೋ ಇಲ್ಲವೋ, ಒಂಬತ್ತೂವರೆಗೆ ಒಂದು ಕೂಗು ಮಾತ್ರ ತಪ್ಪುತ್ತಿರಲಿಲ್ಲ. "ಹತ್ತಿತ್ರೀ!" ಅದು ಕೃಷ್ಣಾಬಾಯಿಯ ಕೂಗು. ಮೆಟ್ಟಿಲ ಕೆಳಗಿನ ಹಳೇ ಸ್ಕೂಟರನ್ನು ಚಾಲೂ ಮಾಡಿ ಗಂಡ ಪ್ರಾಣೇಶರಾವ್ ಬ್ರೇಕು ಒತ್ತಬೇಕು, ಹೆಂಡತಿ ಹಿಂದೆ ನಿಂತು ಕೆಂಪು ದೀಪ ಹತ್ತಿತೆಂದು ಹೇಳಬೇಕು, ಆಮೇಲೆಯೇ ಗಾಡಿ ಗಲ್ಲಿ ಬಿಡಬೇಕು. ಒಲೆಯ ಮೇಲೆ ಸಾರು ಉಕ್ಕಿ ಹರಿದರೂ ಆ ನೇಮಕ್ಕೆ ಚ್ಯುತಿ ಬರುವಂತಿರಲಿಲ್ಲ. ಇಪ್ಪತ್ತೆರಡು ವರ್ಷ ಆ ಹೆಂಗಸು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನಿಂತಿದ್ದಾಳೆ.

ಯಾಕೆ ಇಷ್ಟೆಲ್ಲ ಅಂದರೆ, ಪ್ರಾಣೇಶರಾವ್ ಮೋಟಾರು ವಾಹನ ಇನ್ಸ್‌ಪೆಕ್ಟರು. ಊರಲ್ಲಿ ಎಲ್ಲಿ ಅಪಘಾತವಾದರೂ ಪೊಲೀಸರು ಗಾಡಿಯನ್ನು ಠಾಣೆಗೆ ಎಳೆದು ತರುತ್ತಾರೆ, ಇವರು ಹೋಗಿ ಬ್ರೇಕು, ಸ್ಟೀರಿಂಗು, ಟೈರು, ದೀಪ ನೋಡಿ ವರದಿ ಕೊಡುತ್ತಾರೆ. ವರದಿಯ ಕೊನೆಯ ಸಾಲು ಯಾವಾಗಲೂ ಒಂದೇ: ವಾಹನದ ಯಾಂತ್ರಿಕ ದೋಷದಿಂದ ಈ ಅಪಘಾತ ಸಂಭವಿಸಿಲ್ಲ. ಬರೆದು ಬರೆದು ಬೆರಳು ನೊಂದು, ಕಡೆಗೆ ಆ ಸಾಲನ್ನೇ ಇಂಗ್ಲಿಷಿನಲ್ಲಿ ಒಂದು ರಬ್ಬರ್ ಸ್ಟಾಂಪು ಮಾಡಿಸಿಕೊಂಡಿದ್ದರು. ಎಂಥ ಜಾಣತನ ನೋಡಿ! ಸ್ಟಾಂಪು ಒತ್ತಿ, ಕೆಳಗೆ ಸಹಿ ಎಳೆದರೆ ಮುಗಿಯಿತು.

ಇನ್ನೊಂದು ಅಭ್ಯಾಸವೂ ಇತ್ತು. ಗಾಡಿ ನೋಡುವಾಗ ಜೇಬಿನ ಸಣ್ಣ ನೋಟುಬುಕ್ಕಿನಲ್ಲಿ ಕನ್ನಡದಲ್ಲಿ ಗೀಚಿಕೊಳ್ಳುತ್ತಿದ್ದರು. ರಾಯಚೂರಿನಿಂದ ಬಂದು ನಿಜಾಮರ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿದ ಅಪ್ಪನಿಂದ ಬಂದದ್ದು ಅದು. ಅಪ್ಪ ದಫ್ತರಕ್ಕೆ ಉರ್ದು ಬರೆಯುತ್ತಿದ್ದರು, ತಮ್ಮ ನೆನಪಿಗೆ ಕನ್ನಡ. ಮಗ ದಫ್ತರಕ್ಕೆ ಇಂಗ್ಲಿಷು ಬರೆಯುತ್ತಿದ್ದರು, ನೆನಪಿಗೆ ಕನ್ನಡವೇ. ತುಂಬಿದ ನೋಟುಬುಕ್ಕುಗಳೆಲ್ಲ ಮನೆಯ ಟ್ರಂಕಿನಲ್ಲಿ ಸಾಲಾಗಿ ಕೂತಿದ್ದವು.

ಎರಡು ಸಾವಿರದ ಹದಿಮೂರರ ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಕೋಲೂರಿಕೊಂಡು ಒಬ್ಬ ಐವತ್ತರ ಗಂಡಸು ನಿಂತಿದ್ದ. ಇಸ್ತ್ರಿ ಮಾಡಿದ ಖಾಕಿ ಷರಟು, ಎಡಗಾಲು ಸೊಟ್ಟ. ತೆಲುಗಿನಲ್ಲಿ ಏನೋ ಹೇಳಲು ಬಾಯಿ ತೆರೆದವನು ಬಾಗಿಲಿನ ಮೇಲಿನ ಕನ್ನಡ ಫಲಕ ನೋಡಿ ಗಕ್ಕನೆ ನಿಲ್ಲಿಸಿದ.

"ಸ್ವಾಮಿ, ತಾವು ಕನ್ನಡದೋರಾ?"

"ಹೌದ್ರಿ. ನೀವ್ಯಾರು?"

"ನಾನು ಸೋಮಣ್ಣ ಅಂತ. ಶಿರಾ ಕಡೆಯೋನು. ಇಲ್ಲಿ ಡಿಫೆನ್ಸ್ ಫ್ಯಾಕ್ಟರೀಲಿ ಸ್ಟಾಫ್ ಬಸ್ ಓಡಿಸ್ತಿದ್ದೆ." ಸ್ವಲ್ಪ ತಡೆದು ಹೇಳಿದ, "ಬೇಗಂಪೇಟೆ ಆಕ್ಸಿಡೆಂಟು. ಹೋದ ವರ್ಷ ಅಕ್ಟೋಬರು. ನನ್ ಹೆಂಡ್ತಿ ಜಯಮ್ಮ ತೀರ್ಕೊಂಡ್ಳು. ತಾವೇ ರಿಪೋರ್ಟ್ ಬರೆದಿರೋದು."

ಪ್ರಾಣೇಶರಾಯರಿಗೆ ನೆನಪಾಯಿತು. ಬೆಳ್ಳಿ ಬಣ್ಣದ ಕಾರು, ಅದರ ಹಿಂಬದಿಗೆ ಗುದ್ದಿದ ಬೈಕು. ಹಿಂದೆ ಕೂತ ಹೆಂಗಸು ಹಾರಿ ರಸ್ತೆ ನಡುವಿನ ಕಟ್ಟೆಗೆ ಬಿದ್ದಿದ್ದಳು. ಹಿಂದಿನಿಂದ ಗುದ್ದಿದವನದೇ ತಪ್ಪೆಂದು ಪೊಲೀಸರು ಬೈಕಿನವನ ಮೇಲೆ ಕೇಸು ಹಾಕಿದ್ದರು. ಅಜಾಗರೂಕತೆಯಿಂದ ಓಡಿಸಿ ಹೆಂಡತಿಯ ಸಾವಿಗೆ ಕಾರಣನಾದ ಎಂಬ ಕೇಸು. ಆ ಬೈಕಿನವನು ಈಗ ಅವರ ಹೊಸ್ತಿಲಲ್ಲಿ ನಿಂತಿದ್ದ.

ಸಾಕ್ಷಿಯ ಮನೆಗೆ ಆರೋಪಿ ಬರಬಾರದು, ಹೊರಗೆ ಹೋಗಿ ಅನ್ನಬೇಕಿತ್ತು. ಅಷ್ಟರಲ್ಲಿ ಒಳಗಿನಿಂದ ಕೃಷ್ಣಾಬಾಯಿ, "ಕನ್ನಡ ಮಾತು ಕೇಳಸ್ತು, ಯಾರ್ರೀ? ಒಳಗ ಬರ್ರಿ, ಕುಂದರ್ರಿ," ಎಂದು ಕುರ್ಚಿಯನ್ನೇ ಎಳೆದುಬಿಟ್ಟಳು.

ಸೋಮಣ್ಣ ಕೂತ. ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡನೇ ಹೊರತು ಕುಡಿಯಲಿಲ್ಲ.

"ನಾನು ಇಪ್ಪತ್ತಾರು ವರ್ಷ ಬಸ್ ಓಡ್ಸಿದೋನು ಸ್ವಾಮಿ. ಒಂದು ಗೀರು ಬಿದ್ದಿಲ್ಲ. ಅವತ್ತು ಭಾನುವಾರ, ಮಗಳಿಗೆ ಸೀರೆ ತರೋಣ ಅಂತ ಸುಲ್ತಾನ್ ಬಜಾರಿಗೆ ಹೊರಟಿದ್ವಿ. ಮಧ್ಯಾಹ್ನ ಹನ್ನೆರಡೂವರೆ, ಬೆನ್ನಿಗೆ ಬಿಸಿಲು. ಮುಂದಿದ್ದ ಕಾರಿನ ಹಿಂದಿನ ದೀಪ ಪೂರಾ ಕರ್ರಗೆ. ಆಟೋ ಅಡ್ಡ ಬಂತು ಅಂತ ಅವನು ಬ್ರೇಕ್ ಹಾಕ್ದ. ಹಾಕಿದ್ದು ನಂಗೆ ಗೊತ್ತಾಗ್ಲಿಲ್ಲ. ದೀಪ ಬರ್ಲಿಲ್ಲ ಸ್ವಾಮಿ. ಕಾರು ದೊಡ್ಡದಾಗ್ತಾ ಬಂತು, ಅಷ್ಟೇ."

"ದೀಪ ಹತ್ತಿತ್ತು," ಎಂದರು ಪ್ರಾಣೇಶರಾವ್. ದನಿ ಸ್ವಲ್ಪ ಗಟ್ಟಿಯಾಯಿತು. "ನಾ ಖುದ್ದು ಒತ್ತಿ ನೋಡೀನಿ. ಹಿಂದ ಕಾನ್‌ಸ್ಟೇಬಲ್ ನಿಂತಿದ್ದ."

"ತಾವು ಸುಳ್ಳು ಬರೆದಿದ್ದೀರಿ ಅಂತ ನಾನು ಹೇಳ್ತಿಲ್ಲ. ಕೋರ್ಟ್ ಏನ್ ಶಿಕ್ಷೆ ಕೊಟ್ರೂ ತಗೋತೀನಿ. ಅವಳೇ ಹೋದ್ಮೇಲೆ ಜೈಲೇನು, ಮನೆಯೇನು." ಲೋಟವನ್ನು ಕೈಯಲ್ಲೇ ತಿರುಗಿಸಿದ. "ನಂಗೊಬ್ಬಳೇ ಮಗಳು, ಕಮಲಾಕ್ಷಿ. ಡಿಗ್ರಿ ಓದ್ತಾಳೆ. ನಾನಿನ್ನೂ ಆಸ್ಪತ್ರೇಲಿದ್ದಾಗ್ಲೇ ಪೊಲೀಸರ ಹತ್ರ ತಮ್ಮ ರಿಪೋರ್ಟು ಓದಿದ್ಳು. 'ಕಾರಲ್ಲಿ ಏನೂ ದೋಷ ಇಲ್ಲ ಅಂತ ಸರ್ಕಾರದೋರೇ ಬರೆದವ್ರೆ, ದೀಪ ಬರ್ಲಿಲ್ಲ ಅಂತ ನೀನು ಸುಳ್ಳು ಹೇಳ್ತೀಯ, ಅಮ್ಮನ್ನ ನೀನೇ ಕೊಂದೆ' ಅಂದ್ಳು. ಅವತ್ತಿಂದ ನನ್ ಜೊತೆ ಮಾತಿಲ್ಲ. ಅಡುಗೆ ಮಾಡಿ ಮುಚ್ಚಿಟ್ಟು ಹೋಗ್ತಾಳೆ. ಬರೋ ಬುಧವಾರ ತಮ್ಮ ಸಾಕ್ಷಿ. ಅವಳೂ ಬತ್ತಾಳೆ. ಒಂದೇ ಕೇಳ್ಕೊಳ್ಳೋದು ಸ್ವಾಮಿ, ನೆನಪು ಮಾಡ್ಕೊಳ್ಳಿ. ಆ ದೀಪ ಕರ್ರಗಿತ್ತೋ ಇಲ್ವೋ, ಅಷ್ಟು ನೆನಪು ಮಾಡ್ಕೊಳ್ಳಿ."

ಆರಿ ಹೋದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, ಕೃಷ್ಣಾಬಾಯಿಗೆ ಕೈ ಮುಗಿದು, ಅವನು ಕೋಲೂರಿಕೊಂಡು ಮೆಟ್ಟಿಲಿಳಿದ. ಇಳಿಯಲು ಬಹಳ ಹೊತ್ತು ಹಿಡಿಯಿತು. ಕೋಲಿನ ಸದ್ದು ನಿಲ್ಲುವ ತನಕ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ನೀವು ನೋಡಿದ್ರಿ ಹೌದಲ್ಲೋ?" ಎಂದಳು ಕೃಷ್ಣಾಬಾಯಿ.

"ನೋಡೀನಿ ಅಂದ್ನಲ್ಲ! ಎಷ್ಟ್ ಸಲ ಹೇಳ್ಬೇಕು?"

ಸಿಟ್ಟು ಬಂದಿತ್ತು, ನಿಜ. ಆದರೆ ಆ ಸಿಟ್ಟು ಹೆಂಡತಿಯ ಮೇಲಿನದಲ್ಲ. ಟ್ರಂಕು ಎಳೆದು ಹೋದ ವರ್ಷದ ನೋಟುಬುಕ್ಕು ತೆಗೆದರು. ಅಕ್ಟೋಬರಿನ ಹಾಳೆ ಸಿಕ್ಕಿತು. ಪೆನ್ಸಿಲಿನಲ್ಲಿ ತಮ್ಮದೇ ಅಕ್ಷರ: "ಬೆಳ್ಳಿ ಕಾರು. ಗಾಜು ಸ್ವಚ್ಛ, ಫಿಲಂ ಇಲ್ಲ. ಬ್ರೇಕ್ ಸರಿ. ಹಿಂದಿನ ದೀಪಕ್ಕ ಕರೀ ಫಿಲಂ, ಷೋಕಿ. ಒತ್ತಿದರ ಹತ್ತತದ. ಸಂಜೀ ೫-೩೦."

ಓದಿದ್ದನ್ನೇ ಮತ್ತೊಮ್ಮೆ ಓದಿದರು. ಆ ವರ್ಷದ ಬೇಸಿಗೆಯಲ್ಲಿಯೇ ಸುಪ್ರೀಂ ಕೋರ್ಟಿನ ಆದೇಶ ಬಂದು, ಊರ ತುಂಬ ಪೊಲೀಸರು ಕಾರಿನ ಗಾಜಿನ ಕಪ್ಪು ಫಿಲಂ ಕೀಳಿಸಿದ್ದರು. ಪ್ರಾಣೇಶರಾವ್ ಕೂಡ ಚೌಕದಲ್ಲಿ ನಿಂತು ಎಷ್ಟು ಕಾರುಗಳ ಗಾಜು ಕೆರೆಸಿದ್ದರೋ ಲೆಕ್ಕವಿಲ್ಲ. ಆಮೇಲೆ ಯಾವ ಗಾಡಿ ಬಂದರೂ ಕಣ್ಣು ಮೊದಲು ಗಾಜಿಗೆ ಹೋಗುತ್ತಿತ್ತು. ಆ ಸಂಜೆಯೂ ಗಾಜು ಸ್ವಚ್ಛವಾಗಿದ್ದು ಕಂಡು, ಭಲೇ, ಕಾನೂನು ಪಾಲಿಸಿದ್ದಾನೆ ಹುಡುಗ, ಅಂದುಕೊಂಡಿದ್ದರು. ಹಿಂದಿನ ದೀಪದ ಕಪ್ಪನ್ನು ಕಂಡೂ ಷೋಕಿ ಎಂದು ಬರೆದು ಪುಟ ತಿರುವಿದ್ದರು. ಮುದ್ರಿತ ಫಾರ್ಮಿನಲ್ಲಿ 'ದೀಪಗಳು' ಎಂಬ ಕಡೆ ಒಂದು ಚಿಕ್ಕ ಖಾನೆ ಇತ್ತು. ಅದರಲ್ಲಿ 'ಸರಿ ಇವೆ' ಎಂಬುದಷ್ಟೇ ಹಿಡಿಯುತ್ತಿತ್ತು, ಅಷ್ಟನ್ನೇ ಬರೆದಿದ್ದರು.

ಹಿಂದಿನ ಕೆಂಪು ದೀಪ ನೂರೈವತ್ತೈದು ಮೀಟರಿನಿಂದ ಕಾಣಬೇಕೆಂಬ ನಿಯಮವನ್ನು ಹೊಸಬರಿಗೆ ಪಾಠ ಮಾಡುತ್ತಿದ್ದವರೇ ಇವರು. ದೀಪಕ್ಕೆ ಬಣ್ಣ ಬಳಿಯುವುದು, ಫಿಲಂ ಅಂಟಿಸುವುದು ತಪ್ಪು ಎಂದು ಹೇಳಿಕೊಟ್ಟವರೂ ಇವರೇ. ಹೇಳುವುದು ಬೇರೆ, ಸಂಜೆ ಐದೂವರೆಗೆ ಠಾಣೆಯ ತಗಡಿನ ಷೆಡ್ಡಿನಲ್ಲಿ ಮನೆಗೆ ಹೋಗುವ ಅವಸರದಲ್ಲಿ ನೋಡುವುದು ಬೇರೆ.

ಮರುದಿನ ಕಚೇರಿಯಲ್ಲಿ ನೋಟುಬುಕ್ಕನ್ನು ಮಲ್ಲಪ್ಪನ ಮುಂದಿಟ್ಟರು. ಮಲ್ಲಪ್ಪ ಬೀದರದವ, ಸೀನಿಯರ್ ಅಸಿಸ್ಟೆಂಟು, ಮಹಾ ಹುಷಾರಿನವ. ಓದಿದ, ಮುಚ್ಚಿದ, ಮೆಲ್ಲಗೆ ಇತ್ತ ತಳ್ಳಿದ.

"ಸಾಹೇಬ್ರ, ಈ ಆಫೀಸಿನಾಗ ಕನ್ನಡ ಓದಾಂವ ನಾ ಒಬ್ಬನ. ನಾ ಓದಿಲ್ಲ ಅಂದ್ಕೋರಿ."

"ಮಲ್ಲಪ್ಪ, ದೀಪಕ್ಕ ಫಿಲಂ ಇತ್ತು ಅಂತ ನಾನ ಬರ್ದೀನಿ."

"ಎಲ್ಲಿ ಬರ್ದೀರಿ? ಕಿಸೇದಾಗಿನ ಬುಕ್ಕಿನಾಗ. ರಿಪೋರ್ಟಿನಾಗ ಐತೇನು? ಇಲ್ಲ. ಆ ಕಾರು ಯಾವಾಗೋ ಬಿಡಿಸ್ಕೊಂಡು ಹೋದ್ರು, ಫಿಲಂ ಕಿತ್ತು ಎಲ್ಲಿ ಒಗದಾರೋ. ನಿಮಗ ಮಾರ್ಚಿಗೆ ರಿಟೈರ್‌ಮೆಂಟು. ರಾಜ್ಯ ಎರಡಾಗೋ ಗದ್ದಲ ನಡದೈತಿ, ನಮ್ಮ ಫೈಲು ಆ ಕಡಿಗೋ ಈ ಕಡಿಗೋ ಅಂತ ದೇವ್ರಿಗೇ ಗೊತ್ತಿಲ್ಲ. ಇಂಥಾದ್ರಾಗ ನನ್ನ ರಿಪೋರ್ಟ್ ತಪ್ಪೈತಿ ಅಂತ ಕೋರ್ಟಿನಾಗ ನೀವ ಒದರಿದ್ರ, ಪೆನ್ಶನ್ ಯಾಂವ ಕೊಡ್ತಾನ್ರಿ?" ಅಲ್ಲಿಗೆ ನಿಲ್ಲಿಸದೆ ಇನ್ನೊಂದು ಸೇರಿಸಿದ. "ಅದೂ ಅಲ್ದ ದೀಪ ಹತ್ತಿತ್ತಲ್ಲ. ಹತ್ತಿದ್ದು ಹತ್ತಿದ್ದ. ಅಷ್ಟ ಹೇಳಿ ಬರ್ರಿ."

ಹತ್ತಿದ್ದು ಹತ್ತಿದ್ದೇ. ಪ್ರಾಣೇಶರಾಯರಿಗೆ ಆ ಮಾತು ಹಿಡಿಸಿತು. ಮುಳುಗುವವನಿಗೆ ಕೈಗೆ ಏನು ಸಿಕ್ಕರೂ ಹಿಡಿಸುತ್ತದೆ. ಸೋಮಣ್ಣ ಹೆಂಡತಿ ಕಳೆದುಕೊಂಡ ದುಃಖದಲ್ಲಿ ಏನೋ ಕಲ್ಪಿಸಿಕೊಂಡಿದ್ದಾನೆ, ಅಷ್ಟು ತೆಳು ಫಿಲಂನಿಂದ ದೀಪ ಪೂರ್ತಿ ಮುಚ್ಚಲಾರದು, ಅದನ್ನು ತಮಗೆ ತಾವೇ ತೋರಿಸಿಕೊಂಡುಬಿಟ್ಟರೆ ಬುಧವಾರ ನಿಶ್ಚಿಂತೆಯಿಂದ ಕಟಕಟೆ ಹತ್ತಬಹುದು ಎಂದುಕೊಂಡರು.

ಮಂಗಳವಾರ ರಜೆ ಹಾಕಿ ಕಾರು ಸಾಮಾನಿನ ಅಂಗಡಿಗೆ ಹೋದರು. ದೀಪಕ್ಕೆ ಅಂಟಿಸುವ ಕಪ್ಪು ಫಿಲಂ ಬೇಕೆಂದರು. ಅಂಗಡಿಯ ಸಾಹೇಬ ಸುರುಳಿ ಎಳೆದು ಒಂದು ತುಂಡು ಕತ್ತರಿಸುತ್ತ ನಕ್ಕ. "ಕಾಂಚಾಂ ಪೇ ಬಂದ್ ಹೋಗಯಾ ಸಾಬ್. ಬತ್ತಿಯಾಂಕೋ ಕೌನ್ ಪೂಛ್ತಾ?" ಗಾಜಿಗೆ ಹಾಕುವುದು ನಿಂತುಹೋಯಿತು, ದೀಪಗಳನ್ನು ಯಾರು ಕೇಳುತ್ತಾರೆ ಎಂದ. ಗಾಜಿಗೆಂದು ತರಿಸಿ ಉಳಿದುಹೋದ ಸುರುಳಿಗಳನ್ನೆಲ್ಲ ಹುಡುಗರ ಕಾರಿನ ದೀಪಗಳಿಗೇ ಅಂಟಿಸಿ ಖಾಲಿ ಮಾಡಿದನಂತೆ. ಯಾರು ಕೇಳಬೇಕಿತ್ತೋ ಅವರೇ ಎದುರಿಗೆ ನಿಂತಿದ್ದಾರೆಂದು ಪಾಪ ಅವನಿಗೇನು ಗೊತ್ತು! ಪ್ರಾಣೇಶರಾವ್ ತುಂಡನ್ನು ಜೇಬಿಗೆ ಸೇರಿಸಿ ತಲೆ ತಗ್ಗಿಸಿಕೊಂಡು ಹೊರಬಂದರು.

ಮನೆಗೆ ಬಂದು ಸ್ಕೂಟರಿನ ಹಿಂದಿನ ದೀಪಕ್ಕೆ ಅದನ್ನು ಅಂಟಿಸಿದರು. ಕೃಷ್ಣಾಬಾಯಿ ಮೆಟ್ಟಿಲ ಮೇಲಿನಿಂದ ನೋಡುತ್ತಿದ್ದಳು.

"ಇದೇನು, ಈ ವಯಸ್ಸಿನಾಗ ಷೋಕಿ?"

"ಸುಮ್ಮನ ಹಿಂದ ಬಂದು ನಿಂದ್ರು."

ಗಾಡಿ ಚಾಲೂ ಮಾಡಿ ಬ್ರೇಕು ಒತ್ತಿದರು.

"ಹತ್ತಿತ್ರೀ!"

ಪ್ರಾಣೇಶರಾಯರಿಗೆ ಹೋದ ಜೀವ ಬಂದಂತಾಯಿತು. ಬಿಟ್ಟರು, ಮತ್ತೆ ಒತ್ತಿದರು. ಮತ್ತೆ ಹತ್ತಿತು ಎಂದಳು. ಸ್ವಲ್ಪ ಮಂದ, ಆದರೆ ಕೆಂಪಗೆ ಕಾಣುತ್ತದೆ ಎಂದಳು. ನೋಡು, ನಾನು ಹೇಳಲಿಲ್ಲವೇ ಎಂದು ಎದೆಯುಬ್ಬಿಸಿ ಸ್ಕೂಟರಿನಿಂದ ಇಳಿಯಲು ಒಂದು ಕಾಲು ಎತ್ತಿದ್ದರು.

"ರೀ," ಎಂದಳು ಕೃಷ್ಣಾಬಾಯಿ, "ಆ ಸೋಮಣ್ಣ ಅನ್ನಾವ್ರು ಮಧ್ಯಾಹ್ನ ಅಂದಿದ್ರಲ್ಲ. ಬೆನ್ನಿಗೆ ಬಿಸಲು ಅಂದ್ರು. ಇಲ್ಲಿ ಮೆಟ್ಟಲ ಕೆಳಗ ನೆರಳದಲ್ರೀ."

ಎತ್ತಿದ ಕಾಲು ಅಲ್ಲೇ ನಿಂತಿತು. ಇಪ್ಪತ್ತೆರಡು ವರ್ಷ ಆ ದೀಪವನ್ನು ಅವರು ನೆರಳಿನಲ್ಲೇ ನೋಡಿದ್ದರು. ಬಿಸಿಲಿಗೆ ತಂದು ನೋಡಬೇಕೆಂದು ಒಂದು ದಿನವೂ ಹೊಳೆದಿರಲಿಲ್ಲ. ಇನ್ಸ್‌ಪೆಕ್ಟರಿಗೆ ಹೊಳೆಯದ್ದು ಸಾರು ಕುದಿಸುವ ಹೆಂಡತಿಗೆ ಹೊಳೆಯಿತು.

ಗಾಡಿಯನ್ನು ಗಲ್ಲಿಗೆ ತಳ್ಳಿದರು. ಮಧ್ಯಾಹ್ನ ಹನ್ನೆರಡೂವರೆ. ಡಿಸೆಂಬರಾದರೂ ಹೈದರಾಬಾದಿನ ಬಿಸಿಲು ಬಿಸಿಲೇ, ನೇರ ದೀಪದ ಮೇಲೆ ಬೀಳುತ್ತಿತ್ತು. ಕೃಷ್ಣಾಬಾಯಿಗೆ ಹತ್ತು ಹೆಜ್ಜೆ ಹಿಂದೆ ಹೋಗೆಂದರು. ಅವಳು ಹಣೆಗೆ ಕೈ ಅಡ್ಡ ಹಿಡಿದು ನಿಂತಳು. ಅವರು ಮುಂದೆ ನೋಡುತ್ತ ಬ್ರೇಕು ಒತ್ತಿದರು, ಕಾಲನ್ನು ಹಾಗೇ ಇಟ್ಟುಕೊಂಡರು. ಹಿಂದಿನಿಂದ ಕೂಗು ಬರಲಿಲ್ಲ. ಇನ್ನೂ ಗಟ್ಟಿಯಾಗಿ ಒತ್ತಿದರು. ಎದುರು ಮನೆಯಾಕೆ ಬಟ್ಟೆ ಒಣಹಾಕುತ್ತಿದ್ದವಳು ನಿಂತು ನೋಡತೊಡಗಿದಳು. ಬೆನ್ನು ಬೆವರಿತು.

"ಹತ್ತಿತೇನು?" ಎಂದು ತಾವೇ ಕೂಗಿದರು.

"ನೀವಿನ್ನೂ ಒತ್ತೇ ಇಲ್ಲಲ್ರೀ!"

ಪ್ರಾಣೇಶರಾವ್ ತಿರುಗಿ ನೋಡಲಿಲ್ಲ. ಕಾಲು ಬ್ರೇಕಿನ ಮೇಲೇ ಇತ್ತು. ಹತ್ತು ಹೆಜ್ಜೆ ದೂರದಲ್ಲಿ ಹೆಂಡತಿ ನಿಂತಿದ್ದಾಳೆ, ದೀಪವನ್ನೇ ದಿಟ್ಟಿಸುತ್ತಿದ್ದಾಳೆ, ಅವಳಿಗೆ ಕಾಣುತ್ತಿಲ್ಲ. ಓಡುವ ಬೈಕಿನ ಮೇಲೆ, ಹಿಂದೆ ಹೆಂಡತಿಯನ್ನು ಕೂರಿಸಿಕೊಂಡವನಿಗೆ ಇನ್ನೇನು ಕಂಡೀತು? ಅಯ್ಯೋ ದೇವರೇ, ಆ ಮನುಷ್ಯ ನಿಜ ಹೇಳಿದ್ದ. ನಿಜ ಹೇಳಿದವನನ್ನು ತಾವು ಒಂದು ಸ್ಟಾಂಪು ಒತ್ತಿ ಹೆಂಡತಿಯ ಕೊಲೆಗಾರನನ್ನಾಗಿ ಮಾಡಿದ್ದರು. ಗಾಡಿ ಬಂದ್ ಮಾಡಿ ಅಲ್ಲೇ ಗಲ್ಲಿಯ ಕಟ್ಟೆಯ ಮೇಲೆ ಕೂತುಬಿಟ್ಟರು.

ಕೃಷ್ಣಾಬಾಯಿ ಹತ್ತಿರ ಬಂದಳು. ಗಂಡನ ಮುಖ ನೋಡಿ ಅವಳಿಗೆ ಎಲ್ಲ ತಿಳಿಯಿತು. "ಒತ್ತಿದ್ರೇನು?" ಎಂದು ಮೆಲ್ಲಗೆ ಕೇಳಿದಳು. ಅವರು ಹೌದೆಂದು ತಲೆಯಾಡಿಸಿದರು.

"ಪೆನ್ಶನ್ ಹೋದ್ರ?" ಎಂದರು.

"ನನಗೂ ಅಂಜಿಕಿ ಬರ್ತದ," ಎಂದಳು ಕೃಷ್ಣಾಬಾಯಿ. ಸುಳ್ಳು ಧೈರ್ಯ ಹೇಳುವ ಪೈಕಿಯಲ್ಲ ಆ ಹೆಂಗಸು. "ಆದ್ರ ನಾಳಿಂದ ನಾ ಹಿಂದ ನಿಂತು ಏನಂತ ಒದರ್ಲಿ?"

ಬುಧವಾರ ಕೋರ್ಟಿನಲ್ಲಿ ಪ್ರಾಣೇಶರಾಯರ ಸರದಿ ಬಂದಾಗ ಹನ್ನೊಂದೂವರೆ. ಇಂಥ ಸಾಕ್ಷಿ ಎಂದರೆ ಎರಡು ನಿಮಿಷದ ಕೆಲಸ. ಸರ್ಕಾರಿ ವಕೀಲ ವರದಿ ತೋರಿಸುತ್ತಾನೆ, ಸಹಿ ನಿಮ್ಮದೇ ಎನ್ನುತ್ತಾನೆ, ಯಾಂತ್ರಿಕ ದೋಷ ಇರಲಿಲ್ಲವಲ್ಲ ಎನ್ನುತ್ತಾನೆ, ಇಲ್ಲ ಎಂದು ಹೇಳಿ ಕೆಳಗಿಳಿಯುವುದು. ಅವತ್ತೂ ಸಹಿ ನನ್ನದೇ ಎಂದರು. ಎರಡನೇ ಪ್ರಶ್ನೆ ಬಂತು. ಆರೋಪಿಯ ಜಾಗದಲ್ಲಿ ಸೋಮಣ್ಣ ಅದೇ ಖಾಕಿ ಷರಟಿನಲ್ಲಿ ನಿಂತಿದ್ದ. ಅವನಿಂದ ದೂರ, ಕೊನೆಯ ಬೆಂಚಿನಲ್ಲಿ, ಜಡೆ ಬಿಗಿದು ಕಟ್ಟಿದ ಹುಡುಗಿಯೊಬ್ಬಳು ಬ್ಯಾಗನ್ನು ಎದೆಗೊತ್ತಿಕೊಂಡು ಕೂತಿದ್ದಳು.

"ಆ ಸಾಲು ತಪ್ಪು," ಎಂದರು ಪ್ರಾಣೇಶರಾವ್ ತೆಲುಗಿನಲ್ಲಿ.

ಟೈಪಿಸ್ಟನ ಕೈ ನಿಂತಿತು. ಸರ್ಕಾರಿ ವಕೀಲ, ಏನು ಹೇಳುತ್ತಿದ್ದೀರಿ ಎಂಬಂತೆ ನೋಡಿದ. ಇವರು ಜೇಬಿನಿಂದ ನೋಟುಬುಕ್ಕು ತೆಗೆದು ನ್ಯಾಯಾಧೀಶರಿಗೆ ಕೊಟ್ಟರು. ಅವರು ತಿರುವಿ ನೋಡಿ, ಇದು ಯಾವ ಭಾಷೆ ಎಂದರು. ಕನ್ನಡ, ನಾನೇ ಓದಿ ಹೇಳುತ್ತೇನೆ ಎಂದು ಒಂದೊಂದೇ ಮಾತು ತೆಲುಗಿಗೆ ತಿರುಗಿಸಿದರು. ಕರೀ ಫಿಲಂ ಬಂತು, ಷೋಕಿ ಬಂತು, ಸಂಜೆ ಐದೂವರೆ ಬಂತು. ನೆರಳಿನಲ್ಲಿ ನೋಡಿದ ದೀಪವನ್ನು ಸರಿ ಇದೆ ಎಂದು ಬರೆದೆ, ಅಂಥದೇ ಫಿಲಂ ಅಂಟಿಸಿ ಮಧ್ಯಾಹ್ನದ ಬಿಸಿಲಿನಲ್ಲಿ ನೋಡಿದೆ, ಹತ್ತು ಹೆಜ್ಜೆಯಿಂದಲೂ ಕಾಣಲಿಲ್ಲ ಎಂದರು.

ಸರ್ಕಾರಿ ವಕೀಲ ಇನ್ನು ಕೇಳುವುದಿಲ್ಲ ಎಂದು ಕೂತ. ಸೋಮಣ್ಣನ ಪರವಾಗಿ ನಿಂತಿದ್ದ ಮುದಿ ವಕೀಲರು ಎದ್ದರು. ತಮ್ಮ ಪರವಾಗಿಯೇ ಮಾತಾಡಿದ ಸಾಕ್ಷಿಯನ್ನು ಸುಮ್ಮನೆ ಬಿಡಬಹುದಿತ್ತು, ಬಿಡಲಿಲ್ಲ.

"ಈ ಕೊನೆಯ ಸಾಲು ನೀವು ಬರೆದಿದ್ದಲ್ಲ, ಸ್ಟಾಂಪು ಒತ್ತಿದ್ದು, ಅಲ್ಲವೇ?"

"ಹೌದು."

"ಗಾಡಿ ನೋಡುವ ಮೊದಲೇ ಸ್ಟಾಂಪು ಸಿದ್ಧವಾಗಿತ್ತು."

"ಹೌದು."

"ಎಷ್ಟು ವರ್ಷದಿಂದ?"

"ಒಂಬತ್ತು," ಎಂದರು ಪ್ರಾಣೇಶರಾವ್. ಅಂದ ಮೇಲೆ ಆ ಒಂಬತ್ತು ವರ್ಷ ಅವರ ಕಣ್ಣ ಮುಂದೆ ಬಂತು. ಲಾರಿಗಳು, ಆಟೋಗಳು, ಬಸ್ಸುಗಳು, ಎಷ್ಟೋ ಠಾಣೆಗಳ ಎಷ್ಟೋ ಷೆಡ್ಡುಗಳು, ಎಷ್ಟೋ ಸಂಜೆಗಳು. ಕಟಕಟೆಯ ಕಟ್ಟಿಗೆಯನ್ನು ಬಿಗಿಯಾಗಿ ಹಿಡಿದುಕೊಂಡರು.

ನ್ಯಾಯಾಧೀಶರು ಹೇಳಿಕೆ ದಾಖಲಿಸಿಕೊಂಡರು, ನೋಟುಬುಕ್ಕನ್ನು ಕೋರ್ಟಿನಲ್ಲೇ ಇರಿಸಿಕೊಂಡರು, ಇನ್ಸ್‌ಪೆಕ್ಟರರ ಮೇಲಧಿಕಾರಿಗೆ ಪ್ರತಿ ಕಳಿಸಿ ಎಂದರು, ಮುಂದಿನ ತಿಂಗಳಿಗೆ ತಾರೀಖು ಕೊಟ್ಟರು. ಹೊರಗೆ ವರಾಂಡದಲ್ಲಿ ಸೋಮಣ್ಣ ಬಂದು ಪ್ರಾಣೇಶರಾಯರ ಎರಡೂ ಕೈ ಹಿಡಿದುಕೊಂಡ. ಅವನ ಹಿಂದೆಯೇ ಕಮಲಾಕ್ಷಿ ಬಂದು ನಿಂತಳು. ಪ್ರಾಣೇಶರಾವ್ ಅವಳ ಕಡೆ ತಿರುಗಿ, "ತಪ್ಪಾತವ್ವಾ," ಎಂದರು.

ಹುಡುಗಿ ಅಳಲಿಲ್ಲ. ಅತ್ತಿದ್ದರೆ ಅವರಿಗೆ ಸ್ವಲ್ಪ ಹಗುರಾಗುತ್ತಿತ್ತೋ ಏನೋ.

"ಹದಿನಾಲ್ಕು ತಿಂಗಳಾಯ್ತು ಸಾರ್," ಎಂದಳು. "ಅಪ್ಪ ಆಸ್ಪತ್ರೇಲಿ ನೀರು ಕೇಳಿದ್ರು, ನಾನು ಕೊಡ್ಲಿಲ್ಲ, ನರ್ಸ್ ಕೊಟ್ರು. ಅಮ್ಮನ ವರ್ಷದ ತಿಥೀಲಿ ಅಪ್ಪನ್ನ ಫೋಟೋ ಹತ್ರ ಬರೋಕೆ ಬಿಡ್ಲಿಲ್ಲ. ಬಾಗಿಲಾಚೆ ನಿಂತ್ಕೊಂಡೇ ಕೈ ಮುಗಿದ್ರು. ಅದನ್ನ ಯಾರು ತಿದ್ದಿ ಕೊಡ್ತಾರೆ ಸಾರ್? ನೀವು ಕೊಡ್ತೀರಾ?"

"ಸುಮ್ನಿರು ಮಗಾ," ಎಂದ ಸೋಮಣ್ಣ.

ಕಮಲಾಕ್ಷಿ ಉತ್ತರಕ್ಕೆ ಕಾಯಲಿಲ್ಲ. ಅಪ್ಪನ ಕೈಯಿಂದ ಕೋಲು ತೆಗೆದು ತನ್ನ ಕಂಕುಳಲ್ಲಿ ಇಟ್ಟುಕೊಂಡಳು, ಅವನ ತೋಳನ್ನು ತನ್ನ ಹೆಗಲ ಮೇಲೆ ಹಾಕಿಕೊಂಡಳು. ಕೋರ್ಟಿನ ಮೆಟ್ಟಿಲು ಬಹಳ ಇದ್ದವು. ಒಂದೊಂದಕ್ಕೂ ನಿಂತು, "ಹುಷಾರು ಅಪ್ಪ," ಎನ್ನುತ್ತ ಅವಳು ಅವನನ್ನು ಬಿಸಿಲಿಗೆ ಇಳಿಸಿಕೊಂಡು ಹೋದಳು.